ಹಿಗ್ಗಿದ ನೂಲು ಹಿಂದಿರುಗುವ ಬಗೆ

ಎಳೆದರೆ ಹಿಗ್ಗುವುದು ಒಂದು ಗುಣ. ಬಿಟ್ಟೊಡನೆ ಮೊದಲಿನ ಅಳತೆಗೆ ಹಿಂದಿರುಗುವುದು ಬೇರೊಂದು ಗುಣ. ಇವೆರಡನ್ನೂ ಒಂದೇ ಎಂದು ಭಾವಿಸುವುದು ವಾಡಿಕೆಯಾಗಿದೆ. ಅಂಗಡಿಯಲ್ಲಿ ಬಟ್ಟೆಯನ್ನು ಎರಡು ಕೈಗಳಿಂದ ಜಗ್ಗಿ ನೋಡುವ ಗ್ರಾಹಕನು ಅದು ಚೆನ್ನಾಗಿ ಹಿಗ್ಗುತ್ತದೆಂದು ಸಂತೋಷಪಟ್ಟು ಹಣ ತೆರುತ್ತಾನೆ. ಕೆಲವು ತಿಂಗಳುಗಳ ಮೇಲೆ ಅದೇ ಷರಾಯಿಯ ಮೊಣಕಾಲು ಜೋಲುಬಿದ್ದು, ಸೊಂಟದ ಪಟ್ಟಿ ಸಡಿಲಗೊಂಡು, ಕಾಲುಚೀಲ ಹಿಮ್ಮಡಿಗೆ ಇಳಿದಾಗ ಬಟ್ಟೆಯೇ ಹಾಳಾಯಿತೆಂದು ಬೇಸರಪಡುತ್ತಾನೆ. ವಾಸ್ತವವಾಗಿ ಅದರ ಹಿಗ್ಗುವ ಗುಣ ಹಾಳಾಗಿರುವುದಿಲ್ಲ. ಹಿಂದಿರುಗುವ ಗುಣ ಕುಂದಿರುತ್ತದೆ. ಉಡುಪಿನ ಅಂದದ ಮಟ್ಟಿಗೆ ಇದು ಸಣ್ಣ ಮಾತು. ಆದರೆ ಕಾಲಿನ ಉಬ್ಬಿದ ರಕ್ತನಾಳಗಳಿಗೆಂದು ವೈದ್ಯರ ಸಲಹೆಯ ಮೇರೆಗೆ ತೊಡುವ ಬಿಗಿ ಕಾಲುಚೀಲದಲ್ಲಿ ಈ ಗುಣ ಕುಂದಿತೆಂದರೆ ಚಿಕಿತ್ಸೆಯೇ ನಿಂತುಹೋದಂತೆ. ತೊಟ್ಟವರಿಗೆ ಮಾತ್ರ ಅದರ ಸುಳಿವೂ ಇರುವುದಿಲ್ಲ. ಕಾಲುಚೀಲ ಕಾಲಿನ ಮೇಲೆಯೇ ನಿಂತಿರುತ್ತದೆ, ಒತ್ತುತ್ತಿರುವುದಿಲ್ಲ.

ಹಿಂದಿರುಗುವಿಕೆಯನ್ನು ಅಳೆಯುವ ಲೆಕ್ಕವು ಸಾಲದ ಲೆಕ್ಕಕ್ಕೆ ಬಹಳ ಹತ್ತಿರದ್ದು. 10 ಸೆಂಟಿಮೀಟರ್ ಉದ್ದದ ಒಂದು ಪಟ್ಟಿಯನ್ನು 15 ಸೆಂಟಿಮೀಟರಿನವರೆಗೆ ಎಳೆದು, ಅರ್ಧ ಗಂಟೆ ಹಾಗೆಯೇ ಹಿಡಿದಿಟ್ಟು ಬಿಡಲಾಯಿತೆಂದು ಇಟ್ಟುಕೊಳ್ಳೋಣ. ಇಲ್ಲಿ ಕೊಟ್ಟ ಸಾಲ 5 ಸೆಂಟಿಮೀಟರ್. ಬಿಟ್ಟ ಕೂಡಲೆ ಅಳೆದಾಗ ಪಟ್ಟಿಯ ಉದ್ದ 10.6 ಸೆಂಟಿಮೀಟರ್ ಇದ್ದರೆ 4.4 ಸೆಂಟಿಮೀಟರ್, ಅಂದರೆ ಶೇಕಡಾ 88 ಭಾಗ, ನಗದಾಗಿ ಮರುಪಾವತಿಯಾಯಿತು. ಒಂದು ಗಂಟೆಯ ತರುವಾಯ ಉದ್ದ 10.3ಕ್ಕೆ ಇಳಿದಿದ್ದರೆ ಇನ್ನೊಂದು 0.3 ಸೆಂಟಿಮೀಟರ್ ಕಂತಿನ ಮೇಲೆ ಬಂದು ಸೇರಿತು. ಒಟ್ಟು ವಸೂಲಿ ಶೇಕಡಾ 94. ಉಳಿದ 0.3 ಸೆಂಟಿಮೀಟರ್ ಮಾರನೆಯ ದಿನವೂ ಬಾರದಿದ್ದಲ್ಲಿ ಅದು ವಸೂಲಾಗದ ಬಾಕಿ. ಪಟ್ಟಿಯು ತನ್ನ ಮೂಲ ಉದ್ದದ ಶೇಕಡಾ 3ರಷ್ಟು ಶಾಶ್ವತವಾಗಿ ಬೆಳೆಯಿತೆಂದು ಆಗ ಬರೆದುಕೊಳ್ಳಬೇಕು. ಒಮ್ಮೆ ಎಳೆದಾಗಿನ ಬಾಕಿ ಅಲ್ಪವೆಂದು ಕಂಡರೂ, ದಿನಕ್ಕೆ ನೂರಾರು ಬಾರಿ ಬಗ್ಗಿ ಏಳುವ ಮೊಣಕಾಲಿನ ಮೇಲೆ ಬಾಕಿ ಕೂಡುತ್ತಲೇ ಹೋಗುತ್ತದೆ.

ಬಾಕಿಯ ಪ್ರಮಾಣವನ್ನು ನಿರ್ಣಯಿಸುವ ಸಂಗತಿಗಳು ಮೂರು: ಎಷ್ಟು ಎಳೆಯಲಾಯಿತು, ಎಷ್ಟು ಹೊತ್ತು ಹಿಡಿಯಲಾಯಿತು, ಆಗ ಎಷ್ಟು ಬಿಸಿ ಇತ್ತು. ಇವುಗಳ ಪೈಕಿ ಬಿಸಿಯನ್ನು ಜನರು ಗಣನೆಗೆ ತೆಗೆದುಕೊಳ್ಳುವುದೇ ಅಪರೂಪ. ಪಾಲಿಯೆಸ್ಟರಿನ ವಿಷಯದಲ್ಲಿ ಹೆಚ್ಚು ಕೆಡುಕು ಮಾಡುವುದು ಅದೇ.

ಪಾಲಿಯೆಸ್ಟರ್ ನಾರನ್ನು 1941ರಲ್ಲಿ ಇಂಗ್ಲೆಂಡಿನ ಕ್ಯಾಲಿಕೋ ಪ್ರಿಂಟರ್ಸ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಕಂಡುಹಿಡಿದರು. ಅದೇ ಮುಂದೆ ಇಂಗ್ಲೆಂಡಿನಲ್ಲಿ ಟೆರಿಲಿನ್ ಎಂದೂ ಅಮೆರಿಕೆಯಲ್ಲಿ ಡೇಕ್ರಾನ್ ಎಂದೂ ಹೆಸರಾಯಿತು. ಭಾರತದ ಮಧ್ಯಮವರ್ಗದ ಮನೆಗಳಿಗೆ ಟೆರಿಲಿನ್ ಅಂಗಿ, ಟೆರಿಕಾಟ್ ಷರಾಯಿಗಳ ರೂಪದಲ್ಲಿ ಬಂದಿತು. ಸುಕ್ಕುಗಟ್ಟದು, ಬೇಗ ಒಣಗುವುದು, ಬಹುಕಾಲ ಬಾಳುವುದು ಎಂಬುದೇ ಅದರ ಖ್ಯಾತಿ. ಹಿಗ್ಗುವ ಖ್ಯಾತಿ ಅದಕ್ಕೆ ಎಂದೂ ಇರಲಿಲ್ಲ. ಕಾರಣವನ್ನು ಅದರ ಅಣುರಚನೆಯಲ್ಲಿ ಕಾಣಬಹುದು. ಬೆನ್ಜೀನ್ ಉಂಗುರ ಎಂಬ ಗಡುಸಾದ ತುಂಡು, ಅದರ ಪಕ್ಕದಲ್ಲಿ ಎರಡು ಇಂಗಾಲ ಪರಮಾಣುಗಳ ಚಿಕ್ಕ ಕೊಂಡಿ, ಮತ್ತೆ ಉಂಗುರ, ಮತ್ತೆ ಕೊಂಡಿ: ಹೀಗೆ ಸಾಗುವ ಅಣುಸರಪಳಿಗಳನ್ನು ನೂಲು ತೆಗೆಯುವಾಗಲೇ ಬಲವಾಗಿ ಎಳೆದು ನೆಟ್ಟಗೆ ಮಲಗಿಸಲಾಗಿರುತ್ತದೆ. ಮೊದಲೇ ನೆಟ್ಟಗಿರುವ ಹಗ್ಗವನ್ನು ಇನ್ನಷ್ಟು ಎಳೆದರೆ ಅದು ಹಿಗ್ಗುವುದೆಂತು? ಶೇಕಡಾ 2ರಿಂದ 3ರಷ್ಟು ಎಳೆದಾಗ ಬಹುಮಟ್ಟಿಗೆ ಪೂರ್ಣವಾಗಿ ಹಿಂದಿರುಗುತ್ತದೆ. ಅದನ್ನು ಮೀರಿದರೆ ಸರಪಳಿಗಳು ಒಂದರ ಪಕ್ಕದಿಂದ ಒಂದು ಜಾರಿ ಹೊಸ ಸ್ಥಾನಗಳಲ್ಲಿ ನೆಲೆಸಿಬಿಡುತ್ತವೆ. ಜಾರಿದ ಸರಪಳಿಗೆ ಹಳೆಯ ಸ್ಥಾನದ ನೆನಪಿರುವುದಿಲ್ಲ. ಈ ವಿಷಯದಲ್ಲಿ ನೈಲಾನು ಪಾಲಿಯೆಸ್ಟರಿಗಿಂತ ಮೇಲು.

ರಬ್ಬರಿನ ಬಗೆ ಬೇರೆ. ಅದರ ಸರಪಳಿಗಳು ಬಾಚದ ಕೂದಲಿನಂತೆ ಸಿಕ್ಕುಸಿಕ್ಕಾಗಿ ಬಿದ್ದಿರುತ್ತವೆ. ಅಲ್ಲಲ್ಲಿ ಗಂಧಕವು ಅವುಗಳನ್ನು ಒಂದಕ್ಕೊಂದು ಗಂಟುಹಾಕಿರುತ್ತದೆ. ಎಳೆದಾಗ ಸಿಕ್ಕು ಬಿಡಿಸಿಕೊಂಡು ನೆಟ್ಟಗಾಗುತ್ತವೆ, ಬಿಟ್ಟಾಗ ಮತ್ತೆ ಸಿಕ್ಕಾಗುತ್ತವೆ. ಗಂಟುಗಳಿರುವುದರಿಂದ ಜಾರುವುದಕ್ಕೆ ಆಸ್ಪದವಿಲ್ಲ. ಅಗಲವಾದ ಒಂದು ರಬ್ಬರ್ ಬ್ಯಾಂಡನ್ನು ಥಟ್ಟನೆ ಎಳೆದು ಮೇಲ್ದುಟಿಗೆ ತಾಕಿಸಿದರೆ ಬೆಚ್ಚಗಿರುವುದು ತಿಳಿಯುತ್ತದೆ. ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದು ಸಡಿಲಬಿಟ್ಟು ತಾಕಿಸಿದರೆ ತಣ್ಣಗಿರುತ್ತದೆ. ಇದನ್ನು 1805ರಲ್ಲಿ ಮೊದಲು ವರದಿ ಮಾಡಿದವನು ಜಾನ್ ಗಾಫ್ ಎಂಬ ಅಂಧ ವಿದ್ವಾಂಸ. ಕಣ್ಣಿಲ್ಲದವನ ಸ್ಪರ್ಶಜ್ಞಾನವು ಕಣ್ಣುಳ್ಳವರು ಕಾಣದುದನ್ನು ಕಂಡಿತು. ಮನೆಯ ಮಕ್ಕಳಿಗೆ ತೋರಿಸಲು ಇಷ್ಟು ಸುಲಭವೂ ಇಷ್ಟು ಅರ್ಥಗರ್ಭಿತವೂ ಆದ ಪ್ರಯೋಗ ಮತ್ತೊಂದು ಸಿಕ್ಕುವುದು ಕಷ್ಟ.

ಗಡುಸು ಪಾಲಿಯೆಸ್ಟರಿಗೆ ರಬ್ಬರಿನ ಗುಣವನ್ನು ಬರಿಸುವ ಮಾರ್ಗಗಳು ಹಲವು. ಅವುಗಳಲ್ಲಿ ಹಳೆಯದು ನೂಲಿನ ಆಕಾರವನ್ನೇ ಬದಲಿಸುವುದು. ನೂಲನ್ನು 200 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಕಾಯಿಸಿ, ಮೀಟರಿಗೆ ಎರಡು ಮೂರು ಸಾವಿರ ಸುತ್ತುಗಳಷ್ಟು ಹುರಿಮಾಡಿ, ಹುರಿಯಿರುವಾಗಲೇ ತಣಿಸಿ, ಬಳಿಕ ಹುರಿಯನ್ನು ಬಿಚ್ಚುತ್ತಾರೆ. ಹುರಿ ಬಿಚ್ಚಿದರೂ ಕಾದಾಗ ಕಲಿತ ಸುರುಳಿಯನ್ನು ಎಳೆಗಳು ಮರೆಯುವುದಿಲ್ಲ; ಗುಂಗುರು ಕೂದಲಿನಂತೆ ಮುದುಡಿಕೊಳ್ಳುತ್ತವೆ. ಇದೇ ಟೆಕ್ಸ್‌ಚರೈಸ್ ಮಾಡಿದ ನೂಲು; 1970ರ ದಶಕದಲ್ಲಿ ಕ್ರಿಂಪ್ ಸೀರೆಗಳ ರೂಪದಲ್ಲಿ ಮನೆಮನೆಗೂ ಬಂದದ್ದು ಇದೇ. ಸೂರತ್ ಮತ್ತು ಸಿಲ್ವಾಸಾಗಳಲ್ಲಿ ಈ ಕೆಲಸದ ದೊಡ್ಡ ಕಾರ್ಖಾನೆಗಳಿವೆ. ಇಲ್ಲಿ ಹಿಗ್ಗುವುದು ನಾರಲ್ಲ, ಅದರ ಸುರುಳಿ. ಕಾಯಿಸಿ ಕಲಿಸಿದ ಪಾಠವನ್ನು ಮತ್ತೆ ಕಾಯಿಸಿ ಮರೆಸಲೂ ಬಹುದು ಎಂಬುದನ್ನು ಗಮನಿಸತಕ್ಕದ್ದು. ಕಾರ್ಖಾನೆಯಲ್ಲಿಯೇ, ಹೆಚ್ಚು ಹಿಗ್ಗು ಬೇಡವಾದ ನೂಲನ್ನು ಎರಡನೆಯ ಬಾರಿ ಕಾಯಿಸಿ ಅದರ ಸುರುಳಿಯನ್ನು ತಗ್ಗಿಸುತ್ತಾರೆ. ಮನೆಯ ಇಸ್ತ್ರಿಪೆಟ್ಟಿಗೆ ತಿಳಿಯದೆ ಮಾಡುವ ಕೆಲಸವೂ ಬಹುಮಟ್ಟಿಗೆ ಅದೇ.

ಎರಡನೆಯ ಮಾರ್ಗ ಅಣುಸರಪಳಿಯ ಕೊಂಡಿಯನ್ನು ಬದಲಿಸುವುದು. ಕೊಂಡಿಯಲ್ಲಿ ಎರಡಕ್ಕೆ ಬದಲು ನಾಲ್ಕು ಇಂಗಾಲಗಳನ್ನಿಟ್ಟರೆ ಪಿ.ಬಿ.ಟಿ. ಎಂಬ ಪಾಲಿಯೆಸ್ಟರು ದೊರೆಯುತ್ತದೆ. ಅದರ ಸ್ಫಟಿಕಗಳು ಎಳೆದಾಗ ಒಂದು ರೂಪಕ್ಕೂ ಬಿಟ್ಟಾಗ ಇನ್ನೊಂದು ರೂಪಕ್ಕೂ ಮಾರ್ಪಡುತ್ತವೆ. ಜಾರದೆ ಹಿಗ್ಗುವ ಜಾಣ್ಮೆ ಇದು. ಈಜುಕೊಳದ ನೀರಿಗೆ ಬೆರೆಸುವ ಕ್ಲೋರಿನ್ನಿಗೆ ಅಂಜದಿರುವುದರಿಂದ ಈಜುಡುಪುಗಳಲ್ಲಿ ಅದಕ್ಕೆ ಮನ್ನಣೆ. ಮೂರು ಇಂಗಾಲಗಳನ್ನಿಟ್ಟರೆ ದೊರೆಯುವುದು ಪಿ.ಟಿ.ಟಿ. ಇದರ ಸರಪಳಿಯು ನೆಟ್ಟಗೆ ಮಲಗಲಾರದೆ ಅಂಕುಡೊಂಕಾಗಿ, ಗಡಿಯಾರದ ಸ್ಪ್ರಿಂಗಿನಂತೆ ಮಡಚಿಕೊಂಡಿರುತ್ತದೆ. ಎಳೆತಕ್ಕೆ ಆ ಮಡಿಕೆಗಳು ತೆರೆದುಕೊಂಡು ಮತ್ತೆ ಮುಚ್ಚಿಕೊಳ್ಳುತ್ತವೆ. ಈ ಪದಾರ್ಥವೂ 1941ರ ಆ ಇಬ್ಬರು ವಿಜ್ಞಾನಿಗಳಿಗೆ ತಿಳಿದೇ ಇತ್ತು. ಆದರೆ ಅದಕ್ಕೆ ಬೇಕಾದ ಕಚ್ಚಾವಸ್ತು ಬಹು ತುಟ್ಟಿಯಾಗಿದ್ದುದರಿಂದ ಅರ್ಧ ಶತಮಾನ ಯಾರೂ ಅದನ್ನು ನೂಲಾಗಿಸಲಿಲ್ಲ. 1990ರ ದಶಕದಲ್ಲಿ ಅಗ್ಗದ ತಯಾರಿಕಾ ವಿಧಾನ ಸಿದ್ಧವಾಯಿತು. 2006ರಲ್ಲಿ ಅಮೆರಿಕೆಯ ಟೆನೆಸಿ ಸಂಸ್ಥಾನದಲ್ಲಿ ಮೆಕ್ಕೆಜೋಳದ ಸಕ್ಕರೆಯಿಂದ ಅದೇ ಕಚ್ಚಾವಸ್ತುವನ್ನು ತೆಗೆಯುವ ಕಾರ್ಖಾನೆ ಆರಂಭವಾಯಿತು. ವಿಜ್ಞಾನಕ್ಕೆ ಸಾಧ್ಯವಾದದ್ದು ಮಾರುಕಟ್ಟೆಗೆ ಸಾಧ್ಯವಾಗಲು ಐವತ್ತು ವರ್ಷ ಕಾಯಬೇಕಾಯಿತು!

ಮೂರನೆಯ ಮಾರ್ಗವನ್ನು ಕಲಿಸಿದ್ದು ಕುರಿ. ಉತ್ತಮ ಜಾತಿಯ ಉಣ್ಣೆಯ ಎಳೆ ಏಕೆ ಗುಂಗುರಾಗಿದೆ ಎಂಬ ಪ್ರಶ್ನೆಗೆ ಜಪಾನಿನ ಹೋರಿಯೋ ಮತ್ತು ಕೊಂಡೋ 1953ರಲ್ಲಿ ಉತ್ತರ ಕಂಡುಕೊಂಡರು. ಎಳೆಯ ಒಂದು ಪಾರ್ಶ್ವ ಒಂದು ಬಗೆಯ ಜೀವಕೋಶಗಳಿಂದಲೂ ಇನ್ನೊಂದು ಪಾರ್ಶ್ವ ಬೇರೊಂದು ಬಗೆಯವುಗಳಿಂದಲೂ ಆಗಿದೆ; ಎರಡೂ ಒಂದೇ ಸಮನಾಗಿ ಕುಗ್ಗದಿರುವುದರಿಂದ ಎಳೆಯು ಬಾಗಿ ಸುರುಳಿಯಾಗುತ್ತದೆ. ಇದೇ ತತ್ವವನ್ನು ಅನುಸರಿಸಿ ಸಾಮಾನ್ಯ ಪಾಲಿಯೆಸ್ಟರನ್ನೂ ಪಿ.ಟಿ.ಟಿ.ಯನ್ನೂ ಒಂದೇ ರಂಧ್ರದ ಮೂಲಕ ಪಕ್ಕಪಕ್ಕದಲ್ಲಿ ಅಂಟಿಕೊಂಡಂತೆ ನೂಲಾಗಿ ತೆಗೆಯುತ್ತಾರೆ. ಬಿಸಿನೀರು ತಾಗಿದಾಗ ಪಿ.ಟಿ.ಟಿ. ಭಾಗ ಹೆಚ್ಚು ಕುಗ್ಗಿ ಒಳಮಗ್ಗುಲಾಗುತ್ತದೆ, ಮತ್ತೊಂದು ಹೊರಮಗ್ಗುಲಾಗುತ್ತದೆ. ಎಳೆ ತಾನಾಗಿಯೇ ಸ್ಪ್ರಿಂಗಾಗುತ್ತದೆ. ಈಚಿನ ಜೀನ್ಸ್ ಬಟ್ಟೆಗಳ ಒಡಲಲ್ಲಿ ಇಂಥ ನೂಲು ಸೇರಿರುವುದುಂಟು.

ಇವೆಲ್ಲಕ್ಕಿಂತ ಹೆಚ್ಚು ಹಿಗ್ಗುವುದು ಸ್ಪ್ಯಾಂಡೆಕ್ಸ್. ಇದು ಪಾಲಿಯುರೆಥೇನ್ ಜಾತಿಯದು. 1950ರ ದಶಕದ ಕೊನೆಯಲ್ಲಿ ಅಮೆರಿಕೆಯ ಡ್ಯುಪಾಂಟ್ ಸಂಸ್ಥೆಯ ಜೋಸೆಫ್ ಶೈವರ್ಸ್ ಇದನ್ನು ರೂಪಿಸಿದನು. ಲೈಕ್ರಾ ಎಂಬುದು ಅದರ ವ್ಯಾಪಾರನಾಮ. ಅದರ ಸರಪಳಿಯಲ್ಲಿ ಮೃದುವಾದ ಉದ್ದ ತುಂಡುಗಳೂ ಗಡುಸಾದ ಗಿಡ್ಡ ತುಂಡುಗಳೂ ಸರದಿಯಂತೆ ಬರುತ್ತವೆ. ಮೃದುವಾದವು ಹಿಗ್ಗುತ್ತವೆ, ಗಡುಸಾದವು ಗಂಟುಗಳಂತೆ ಹಿಡಿದಿಡುತ್ತವೆ. ತನ್ನ ಉದ್ದದ ಐದಾರು ಪಟ್ಟು ಎಳೆದರೂ ಹಿಂದಿರುಗುವ ಶಕ್ತಿ ಅದಕ್ಕಿದೆ. ಹೀಗಾಗಿ ನೂರಕ್ಕೆ ಎರಡರಿಂದ ಐದು ಪಾಲು ಬೆರೆಸಿದರೂ ಬಟ್ಟೆಯ ಗುಣವೇ ಬದಲಾಗುತ್ತದೆ. ಕ್ಲೋರಿನ್ನಿಗೂ ಹೆಚ್ಚಿನ ಶಾಖಕ್ಕೂ ಅದು ಸೋಲುತ್ತದೆ. ಪಾಲಿಯೆಸ್ಟರ್ ಜಾತಿಯ ಹಿಗ್ಗುವ ನೂಲುಗಳು ಅಷ್ಟು ಹಿಗ್ಗಲಾರವಾದರೂ ಒಗೆತವನ್ನು ಅದಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತವೆ.

ದೇಹಕ್ಕೆ ಎಷ್ಟು ಹಿಗ್ಗು ಬೇಕು?

ಕುಳಿತು ಏಳುವಾಗ ಮೊಣಕಾಲಿನ ಮೇಲಣ ಚರ್ಮ ಉದ್ದುದ್ದಕ್ಕೆ ಶೇಕಡಾ 35ರಿಂದ 45ರವರೆಗೂ ಹಿಗ್ಗುತ್ತದೆ. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಊಟಕ್ಕೆ ಕೂಡುವ ಜನಕ್ಕೆ ಇದು ನಿತ್ಯದ ಮಾತು. ಪಂಚೆ ಸೀರೆಗಳು ಹಿಗ್ಗದಿದ್ದರೂ ಸಡಿಲವಾಗಿರುವುದರಿಂದ ಬಾಧಿಸುವುದಿಲ್ಲ. ಮೈಗೆ ಅಂಟಿದ ಷರಾಯಿ ಮಾತ್ರ ಹಿಗ್ಗಬೇಕು, ಇಲ್ಲವೇ ಹರಿಯಬೇಕು.

ಸೊಂಟದ ವಿಷಯ ಹೆಚ್ಚು ವಿಚಾರಯೋಗ್ಯವಾದುದು. ಒಳಲಂಗದ ಲಾಡಿ ಹಿಗ್ಗುವುದಿಲ್ಲ. ಊಟವಾದ ಮೇಲೆ ಹೊಟ್ಟೆಯ ಸುತ್ತಳತೆ ಹೆಚ್ಚಿದಾಗಲೂ ಲಾಡಿ ಒಂದು ಕೂದಲೆಳೆಯಷ್ಟೂ ಬಿಟ್ಟುಕೊಡದು; ಆ ಎಳೆತವೆಲ್ಲ ಕಿರಿದಾದ ಒಂದು ಗೆರೆಯ ಮೇಲೆ ಬೀಳುತ್ತದೆ. ಅದೇ ಎಳೆತವನ್ನು 1 ಸೆಂಟಿಮೀಟರಿಗೆ ಬದಲಾಗಿ 4 ಸೆಂಟಿಮೀಟರ್ ಅಗಲಕ್ಕೆ ಹಂಚಿದರೆ ಚರ್ಮದ ಮೇಲಿನ ಒತ್ತಡ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿದ್ದ ಡಾ. ಖಾನೋಲ್ಕರ್ ಅವರು ತಮ್ಮ ಸಹೋದ್ಯೋಗಿಯೊಡನೆ 1945ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಧೋತರವನ್ನು ವರ್ಷಗಟ್ಟಲೆ ಸೊಂಟದ ಒಂದೇ ಕಡೆ ಬಿಗಿಯಾಗಿ ಉಟ್ಟವರಲ್ಲಿ ಕಂಡುಬಂದ ಚರ್ಮದ ಅರ್ಬುದರೋಗವನ್ನು ವರ್ಣಿಸಿದರು. ಸೀರೆಯ ಲಾಡಿಯಿಂದ ಸ್ತ್ರೀಯರಿಗೂ ಹೀಗೆ ಆದುದನ್ನು ಮುಂದೆ ವೈದ್ಯರು ಗುರುತಿಸಿದ್ದಾರೆ. ರೋಗ ಬಹು ವಿರಳವಾದುದು, ಅಂಜಬೇಕಾಗಿಲ್ಲ. ಆದರೆ ಸೊಂಟದ ಕಪ್ಪು ಪಟ್ಟೆ ದಪ್ಪಗಾಗಿ ಸಿಪ್ಪೆ ಏಳುತ್ತಿದ್ದರೆ, ಇಲ್ಲವೇ ಅಲ್ಲಿನ ಹುಣ್ಣು ವಾರಗಳು ಕಳೆದರೂ ಮಾಯದಿದ್ದರೆ, ಮುಲಾಮಿನ ಭರವಸೆಯಲ್ಲಿ ಕಾಲ ಕಳೆಯದೆ ವೈದ್ಯರಿಗೆ ತೋರಿಸುವುದು ವಿಹಿತ. ಲಾಡಿಯ ಸ್ಥಳವನ್ನು ಆಗಾಗ ಮೇಲಕ್ಕೂ ಕೆಳಕ್ಕೂ ಬದಲಿಸುವುದು, ಅಗಲವಾದ ಹಿಗ್ಗುವ ಪಟ್ಟಿಯನ್ನು ಹೊಲಿಸಿಕೊಳ್ಳುವುದು ಖರ್ಚಿಲ್ಲದ ಉಪಾಯಗಳು.

ಹಿಗ್ಗುವ ಪಟ್ಟಿಯೂ ಬಿಗಿಯಾದರೆ ಕೆಟ್ಟದ್ದೇ. ತೊಡೆಯ ಹೊರಮಗ್ಗುಲಿಗೆ ಹೋಗುವ ನರವೊಂದು ಸೊಂಟದ ಎಲುಬಿನ ಮುಂಭಾಗದಲ್ಲಿ ಹಾದುಹೋಗುತ್ತದೆ. ಬಿಗಿ ಉಡುಪು ಅದನ್ನು ಅದುಮಿದರೆ ತೊಡೆ ಜೋಮು ಹಿಡಿದು ಉರಿಯುತ್ತದೆ. ಬೆನ್ನುಮೂಳೆಯ ರೋಗವೆಂದು ಹೆದರಿದವರ ಉರಿ ಎಷ್ಟೋ ವೇಳೆ ಪಟ್ಟಿಯನ್ನು ಸಡಿಲಿಸಿದ್ದರಿಂದಲೇ ಶಮನವಾದುದುಂಟು. ಇನ್ನೊಂದು ತೊಡಕು ಬೆವರು. ಹತ್ತಿಯು ತನ್ನ ತೂಕದ ಶೇಕಡಾ 7-8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿಟ್ಟುಕೊಂಡಿರುತ್ತದೆ; ಪಾಲಿಯೆಸ್ಟರು ಶೇಕಡಾ 0.4 ಮಾತ್ರ. ಮುಂಬಯಿ, ಚೆನ್ನೈಗಳಂಥ ಕಡಲ ತೀರದ ನಗರಗಳ ಸೆಕೆಯಲ್ಲಿ ಬಿಗಿಯಾದ ಪಾಲಿಯೆಸ್ಟರ್ ಒಳಉಡುಪು ತೊಡೆಸಂದಿನ ಹುಳುಕಡ್ಡಿಗೆ ಆಹ್ವಾನವಿತ್ತಂತೆ.

ಬಿಗಿ ಕಾಲುಚೀಲ

ಮುಂಬಯಿಯ ಉಡುಪಿ ಹೋಟೆಲುಗಳ ಅಡುಗೆಯವರು, ಶಾಲಾ ಉಪಾಧ್ಯಾಯರು, ಅಂಗಡಿಯ ಸಹಾಯಕರು ಮೊದಲಾಗಿ ನಿಂತೇ ದುಡಿಯುವವರಲ್ಲಿ ಕಾಲಿನ ಅಭಿಧಮನಿಗಳು ಉಬ್ಬುವ ತೊಂದರೆ ಹೆಚ್ಚು. ಕಾರಣ ಸರಳ. ನಿಶ್ಚಲವಾಗಿ ನಿಂತ ಮನುಷ್ಯನ ಹೃದಯದಿಂದ ಹರಡಿನವರೆಗಿನ ರಕ್ತದ ಕಂಬದ ಭಾರದಿಂದಾಗಿ ಹರಡಿನ ಅಭಿಧಮನಿಯಲ್ಲಿ ಸುಮಾರು 90 ಮಿಲಿಮೀಟರ್ ಪಾದರಸದಷ್ಟು ಒತ್ತಡವಿರುತ್ತದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಪಂಪಿನಂತೆ ರಕ್ತವನ್ನು ಮೇಲಕ್ಕೆ ತಳ್ಳುವುದರಿಂದ ಆರೋಗ್ಯವಂತರಲ್ಲಿ ಅದು 30ರ ಸುಮಾರಿಗೆ ಇಳಿಯುತ್ತದೆ. ನಿಂತೇ ಇರುವವರಿಗೆ ಈ ಪಂಪು ಕೆಲಸ ಮಾಡದು. ರಕ್ತ ಕೆಳಗೆ ಜಾರದಂತೆ ತಡೆಯುವ ಕವಾಟಗಳು ಸೋತರಂತೂ ಸಂಜೆಯ ವೇಳೆಗೆ ಕಾಲು ಊದಿಕೊಳ್ಳುತ್ತದೆ.

ಇದಕ್ಕೆ ಹೊರಗಿನಿಂದ ಆಸರೆ ಕೊಡುವ ಕಾಲುಚೀಲವನ್ನು ರೂಪಿಸಿದವರಲ್ಲಿ ಮುಖ್ಯನು ಅಮೆರಿಕೆಯ ಟೊಲಿಡೊ ನಗರದ ಕಾನ್ರಾಡ್ ಜಾಬ್‌ಸ್ಟ್. ವೃತ್ತಿಯಿಂದ ಇಂಜಿನಿಯರ್ ಆಗಿದ್ದ ಆತನಿಗೇ ಈ ಬೇನೆ ಇತ್ತು. ಈಜುಕೊಳದಲ್ಲಿ ನಿಂತಾಗ ನೋವು ಕಡಿಮೆಯಾಗುವುದನ್ನು ಆತ ಗಮನಿಸಿದನು. ನೀರಿನ ಒತ್ತಡ ಆಳಕ್ಕೆ ಹೋದಂತೆ ಹೆಚ್ಚುತ್ತದೆ. 1 ಮೀಟರ್ ಆಳದಲ್ಲಿ ಅದು ಸುಮಾರು 74 ಮಿಲಿಮೀಟರ್ ಪಾದರಸಕ್ಕೆ ಸಮ. ಎಂದರೆ ಹರಡಿನಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಇದನ್ನೇ ಬಟ್ಟೆಯಲ್ಲಿ ಅನುಕರಿಸಿ 1950ರ ಸುಮಾರಿಗೆ ಆತನು ಇಳಿಜಾರು ಒತ್ತಡದ ಕಾಲುಚೀಲವನ್ನು ತಯಾರಿಸಿದನು. ಇಂದು ಇವು 15ರಿಂದ 20, 20ರಿಂದ 30, 30ರಿಂದ 40 ಮಿಲಿಮೀಟರ್ ಎಂಬ ದರ್ಜೆಗಳಲ್ಲಿ ದೊರೆಯುತ್ತವೆ. ಸಾಮಾನ್ಯವಾಗಿ ನೈಲಾನ್ ಇಲ್ಲವೆ ಪಾಲಿಯೆಸ್ಟರಿನ ಹೊದಿಕೆಯೊಳಗೆ ಸ್ಪ್ಯಾಂಡೆಕ್ಸ್ ಎಳೆಯನ್ನಿಟ್ಟು ಹೆಣೆಯಲಾಗುತ್ತದೆ.

ಒತ್ತಡವನ್ನು ಉಂಟುಮಾಡುವುದು ನೂಲಿನ ಎಳೆತ. ಬಟ್ಟೆಯ ಎಳೆತವನ್ನು ಕಾಲಿನ ತ್ರಿಜ್ಯದಿಂದ ಭಾಗಿಸಿದರೆ ಒತ್ತಡ ಬರುತ್ತದೆ ಎಂಬುದು ಲಾಪ್ಲಾಸನ ನಿಯಮ. ಹರಡಿನ ತ್ರಿಜ್ಯ 4 ಸೆಂಟಿಮೀಟರ್ ಇದ್ದು ಅಲ್ಲಿ 20 ಮಿಲಿಮೀಟರ್ ಒತ್ತಡ ಬೇಕಾದರೆ, ಬಟ್ಟೆಯ ಪ್ರತಿ ಸೆಂಟಿಮೀಟರ್ ಅಗಲವೂ ಸುಮಾರು 110 ಗ್ರಾಂ ತೂಕದಷ್ಟು ಬಲದಿಂದ ಎಳೆಯುತ್ತಿರಬೇಕು. ನೂಲು ದಣಿದು ಈ ಎಳೆತದಲ್ಲಿ ಐದನೆಯ ಒಂದು ಪಾಲು ಕಳೆದುಕೊಂಡರೆ ಒತ್ತಡ 16ಕ್ಕೆ ಇಳಿಯುತ್ತದೆ. ರೋಗಿಯು ಒಂದು ದರ್ಜೆಯ ಬೆಲೆ ತೆತ್ತು ಇನ್ನೊಂದು ದರ್ಜೆಯನ್ನು ತೊಟ್ಟಂತಾಯಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಉದ್ದದ ಹಿಂದಿರುಗುವಿಕೆ ಬೇರೆ, ಬಲದ ಉಳಿಕೆ ಬೇರೆ. ಹಿಗ್ಗಿಸಿ ಹಿಡಿದ ನೂಲಿನ ಬಲವು ಗಂಟೆಗಳು ಕಳೆದಂತೆ ಸದ್ದಿಲ್ಲದೆ ಇಳಿಯುತ್ತದೆ. ಬಿಟ್ಟಾಗ ಉದ್ದ ಸರಿಯಾಗಿಯೇ ಕಂಡರೂ ಕಂಡೀತು. ಆದುದರಿಂದ ಅಳತೆಪಟ್ಟಿಯೊಂದನ್ನೇ ನಂಬಲಾಗದು. ಹೊಸದರಲ್ಲಿ ಏರಿಸಲು ಹೆಣಗಬೇಕಾಗಿದ್ದ ಕಾಲುಚೀಲ ಈಗ ಸರಾಗವಾಗಿ ಏರುತ್ತಿದ್ದರೆ ಅದು ಅಭ್ಯಾಸಬಲವೆಂದು ಹಿಗ್ಗುವುದಕ್ಕಿಂತ ನೂಲು ಸೋತಿದೆಯೇ ಎಂದು ಶಂಕಿಸುವುದು ಲೇಸು. ದಿನವೂ ತೊಡುವ ಜೊತೆಯನ್ನು ಸುಮಾರು ಆರು ತಿಂಗಳಿಗೊಮ್ಮೆ ಬದಲಿಸಬೇಕೆಂದು ತಯಾರಕರು ಸೂಚಿಸುವುದು ಇದೇ ಕಾರಣಕ್ಕೆ. ಅದು ಕೇವಲ ವ್ಯಾಪಾರದ ತಂತ್ರವಲ್ಲ.

ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ತೊಡುವುದು ಮಿತವ್ಯಯದ ಕ್ರಮ. ಕಂತಿನ ಮೇಲೆ ಹಿಂದಿರುಗುವ ಪಾಲಿಗೆ ಹೀಗೆ ಇಡೀ ಒಂದು ದಿನದ ಅವಕಾಶ ಸಿಕ್ಕುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ, ಹೆಚ್ಚೆಂದರೆ 40 ಡಿಗ್ರಿಯಲ್ಲಿ, ಸೌಮ್ಯವಾದ ಸಾಬೂನಿನಿಂದ ಒಗೆದರೆ ಬೆವರು, ಎಣ್ಣೆಗಳು ಹೋಗುವುದಲ್ಲದೆ ನೂಲು ಮುದುಡಿಕೊಳ್ಳಲೂ ಸಹಾಯವಾಗುತ್ತದೆ. ಹಿಂಡಬಾರದು; ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹಾಸಿ ಒಣಗಿಸಬೇಕು. ಬ್ಲೀಚಿಂಗ್ ಪುಡಿ ಸ್ಪ್ಯಾಂಡೆಕ್ಸಿಗೆ ಶತ್ರು. ಪಾಲಿಯೆಸ್ಟರ್ ಕರಗುವುದು 255 ಡಿಗ್ರಿಯ ಮೇಲಾದರೂ 70-80 ಡಿಗ್ರಿಯಲ್ಲಿಯೇ ಅದರ ಸರಪಳಿಗಳು ಅಲುಗಾಡತೊಡಗುತ್ತವೆ. ಮಳೆಗಾಲದಲ್ಲಿ ಒಣಗದ ಬಟ್ಟೆಯನ್ನು ಇಸ್ತ್ರಿಯಿಂದ ಒಣಗಿಸುವ ಮಹಾನಗರದ ಪದ್ಧತಿಯನ್ನು ಹಿಗ್ಗುವ ಬಟ್ಟೆಗೆ ಅನ್ವಯಿಸಲೇಬಾರದು. ತೊಡುವ ಮುನ್ನ ಕಾಲಿಗೆ ಎಣ್ಣೆ ಸವರುವುದೂ ಸಲ್ಲದು.

ಕಾಲುಚೀಲದ ಮೇಲ್ತುದಿಯನ್ನು ಮಡಚಿ ಸುರುಳಿಮಾಡುವವರಿದ್ದಾರೆ. ಎರಡು ಪದರವಾದಾಗ ಅಲ್ಲಿ ಒತ್ತಡವೂ ಇಮ್ಮಡಿ. ಮೇಲೆ ಕಡಿಮೆ ಇರಬೇಕಾದ ಕಡೆಯೇ ಹೆಚ್ಚಾಗಿ, ಏರಬೇಕಾದ ರಕ್ತಕ್ಕೆ ಉರುಳು ಹಾಕಿದಂತಾಗುತ್ತದೆ. ಉದ್ದ ಹೆಚ್ಚಾದರೆ ಬೇರೆ ಅಳತೆಯದನ್ನು ಕೊಳ್ಳಬೇಕು. ಯಾರ ಅಪಧಮನಿಗಳು ಕಿರಿದಾಗಿವೆಯೋ, ಎಂದರೆ ನಡೆದಾಗ ಮೀನಖಂಡ ನೋಯ್ದು ನಿಂತಾಗ ಶಮನವಾಗುವುದೋ, ಪಾದ ಸದಾ ತಣ್ಣಗಿರುವುದೋ, ಅಂಥವರು ವೈದ್ಯರ ಪರೀಕ್ಷೆಯಿಲ್ಲದೆ ಇದನ್ನು ತೊಟ್ಟರೆ ಪಾದಕ್ಕೆ ಬರುವ ರಕ್ತವೇ ಕಡಿಮೆಯಾಗಿ ಅಪಾಯವಾಗಬಹುದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೂ ಇದೇ ಎಚ್ಚರಿಕೆ. ಬಿಗಿಯಿಂದಾದ ಹುಣ್ಣು ಅವರಿಗೆ ನೋಯದೆಯೇ ಬೆಳೆಯುತ್ತದೆ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಸಂಭವವುಂಟು. ಆಗ ಹೋಗಬೇಕಾದದ್ದು ಅಂಗಡಿಗಲ್ಲ, ಆಸ್ಪತ್ರೆಗೆ.

ಅಳತೆಯನ್ನು ಬೆಳಿಗ್ಗೆ, ಹಾಸಿಗೆಯಿಂದ ಎದ್ದ ಸ್ವಲ್ಪ ಹೊತ್ತಿನಲ್ಲಿಯೇ, ಊತವಿಲ್ಲದಾಗ ತೆಗೆದುಕೊಳ್ಳಬೇಕು: ಹರಡಿನ ಅತಿ ಕಿರಿದಾದ ಭಾಗ, ಮೀನಖಂಡದ ಅತಿ ದಪ್ಪನೆಯ ಭಾಗ, ನೆಲದಿಂದ ಮೊಣಕಾಲಿನ ಹಿಂಬದಿಯವರೆಗಿನ ಎತ್ತರ. ಎರಡು ಕಾಲುಗಳ ಅಳತೆ ಒಂದೇ ಇರಬೇಕೆಂದಿಲ್ಲ, ಎರಡನ್ನೂ ಅಳೆಯಬೇಕು. ಪ್ರತಿ ಬಾರಿ ಹೊಸ ಜೊತೆ ಕೊಳ್ಳುವಾಗಲೂ ಹಳೆಯ ಚೀಟಿಯನ್ನು ತೋರಿಸದೆ ಕಾಲನ್ನೇ ಮತ್ತೆ ಅಳೆಯಿಸಬೇಕು.